ಒಡಪಿನ ಪಾಳಿ

ಚೌಕಾಬಾರದ ಮಣೆಯ ಮೇಲೆ ಸುಮಿತ್ರಾಬಾಯಿಯ ಕಾಯಿ ಹಣ್ಣಾಗುತ್ತಲೇ ಮುಕ್ತಾ ಹಿಂದೆಮುಂದೆ ನೋಡದೆ ಅಂದುಬಿಟ್ಟಳು: "ಆಯಿ, ಈಗ ನಿಮ್ಮ ಪಾಳಿ. ಒಡಪು ಹೇಳ್ರಿ."

ಆಟದ ಖೋಲಿಯ ಹೆಂಗಸರೆಲ್ಲ ಮುಕ್ತಾಳತ್ತ ತಿರುಗಿದರು. ಇಂಡಿ ಊರಿನ ಆ ಚಿಕ್ಕ ದವಾಖಾನೆಯ ಹಿಂಭಾಗದಲ್ಲಿ, ಲಕ್ವಾ ಹೊಡೆದವರ ಕೈಯನ್ನೂ ನಾಲಿಗೆಯನ್ನೂ ಆಟ, ಹಾಡು, ಹೊಲಿಗೆಗಳಿಂದಲೇ ಮತ್ತೆ ಪಳಗಿಸುವುದು ಮುಕ್ತಾಳ ಕೆಲಸ. ಗುರುವಾರ ಹೆಂಗಸರಿಗೆ ಚೌಕಾಬಾರ. ಕಾಯಿ ಹಣ್ಣಾದವರು ಗಂಡನ ಹೆಸರು ಸೇರಿಸಿ ಪ್ರಾಸಕಟ್ಟಿದ ಒಡಪು ಹೇಳಬೇಕೆಂಬ ನೇಮ ಅವಳದೇ. ನೀರು ಬೇಕು ಎನ್ನಲು ತಡವರಿಸುವವರೂ ಒಡಪನ್ನು ಸರಾಗವಾಗಿ ಹೇಳಿ ನಗುತ್ತಿದ್ದರು. ಆದರೆ ಗಂಡನಿಲ್ಲದವಳನ್ನು ಯಾರೂ ಒಡಪು ಕೇಳುವುದಿಲ್ಲ. ಬಸಂತರಾಯರು ತೀರಿಕೊಂಡು ವರ್ಷಗಳೇ ಆಗಿದ್ದವು. ಸಾಲದ್ದಕ್ಕೆ, ಲಕ್ವಾ ಹೊಡೆದಂದಿನಿಂದ ಸುಮಿತ್ರಾಬಾಯಿ 'ಹಾಂ', 'ಊಂಹೂಂ' ಬಿಟ್ಟು ಒಂದು ಮಾತೂ ಆಡಿರಲಿಲ್ಲ.

"ತಪ್ಪಾತ್ರಿ ಆಯಿ," ಎಂದು ಮುಕ್ತಾ ನಾಲಿಗೆ ಕಚ್ಚಿಕೊಂಡಳು.

"ಇರಲಿ, ನಾನ ಹೇಳ್ತೇನಿ," ಎಂದು ಪಕ್ಕದ ವಿಜಯಲಕ್ಷ್ಮಿ ಕವಡಿ ಎತ್ತಿಕೊಂಡಳು. "ಆದ್ರ ಮೆಲ್ಲಕ. ನಮ್ಮವರು ಹೊರಗ ಕುಂತಾರ, ಕರದ್ಲು ಅಂತ ಒಳಗ ಬಂದಾರು."

ನಗು ಮುಗಿಯುವ ಮೊದಲೇ ಸುಮಿತ್ರಾಬಾಯಿಯ ವಾರೆಯಾದ ಬಾಯಿ ತೆರೆಯಿತು.

"ಇಂಡಿ ಲಿಂಬಿಹಣ್ಣಿಗಿ ವರ್ಷಪೂರಾ ಹುಳಿ, ಬಸಂತರಾಯರ ಸಿಟ್ಟಂದ್ರ ಶ್ರಾವಣದ ಬಿಸಲ-ಮಳಿ."

ಗೋಡೆಗೆ ಆತು ಕುಳಿತಿದ್ದ ಸೊಸೆ ಜಯಮಾಲಾ ಎದ್ದೇ ನಿಂತಳು. ಇಷ್ಟು ದಿನ ಈ ಮಾತು ಎಲ್ಲಿ ಕುಳಿತಿತ್ತು? ಅದಕ್ಕಿಂತ ಹೆಚ್ಚಾಗಿ ಇನ್ನೊಂದು ವಿಚಾರ ಅವಳನ್ನು ಹಿಡಿಯಿತು. ಮಾವನ ಸಿಟ್ಟಿಗೆ ಇಡೀ ಮನೆ ಉಸಿರು ಬಿಗಿಹಿಡಿದದ್ದು ಅವಳಿಗೆ ನೆನಪಿತ್ತು. ಅತ್ತೆ ಆಗ ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಿದ್ದಳು. ಬಂದು ಹೋಗುವ ಮಳೆಯೆಂದು ಒಳಗೊಳಗೇ ನಗುತ್ತಿದ್ದಳೇ? ಅದೇ ಒಲೆಯ ಮುಂದೆ ಕೂತಿದ್ದೂ ತನಗೆ ತಿಳಿಯಲಿಲ್ಲವಲ್ಲ.

ಮುಕ್ತಾಳ ಫೋನು ಎಂದಿನಂತೆ ಕಿಟಕಿಯಲ್ಲಿ ನಿಂತು ಆಟವನ್ನೆಲ್ಲ ಸೆರೆಹಿಡಿದಿತ್ತು. ಅವಳು ಜಯಮಾಲಾಳತ್ತ ತಿರುಗಿದಳು: "ವೈನಿ, ಇದನ್ನ ಇನ್‌ಸ್ಟಾಗ್ರಾಂಗೆ ಹಾಕ್ಲೇನ್ರಿ? ಸಿಂದಗಿ, ಮುದ್ದೇಬಿಹಾಳದ ಕಡೆ ಎಷ್ಟೋ ಮನಿಯೊಳಗ ಲಕ್ವಾ ಹೊಡದವರನ್ನ ಮೂಲ್ಯಾಗ ಮಲಗಿಸಿಬಿಟ್ಟಾರ. ಆಟ ಆಡಿಸಿದ್ರ ಮಾತು ಬರತದ ಅಂತ ಅವರಿಗೆ ಯಾರು ಹೇಳಬೇಕು?"

"ಹಾಡಾಗಿದ್ರ ಹಾಕ್ರಿ ಅಂತಿದ್ದೆ. ಇದು ಒಡಪು ಐತಿ ಅಕ್ಕಾರ. ಮಂದಿ ಏನಂದಾರು?" ಎಂದಳು ಜಯಮಾಲಾ.

"ಆಯೀನ್ನ ಕೇಳೂಣಲ್ಲ."

ಸುಮಿತ್ರಾಬಾಯಿ ಪರದೆಯಲ್ಲಿ ತನ್ನ ಬಾಯನ್ನು ಬೇರೆ ಯಾರದೋ ಎಂಬಂತೆ ನೋಡಿದಳು. ಮತ್ತೊಮ್ಮೆ ಹಚ್ಚು ಎಂದು ಬೆರಳು ಎತ್ತಿದಳು. ಅದು ಮುಗಿದ ಮೇಲೆ ಇನ್ನೊಮ್ಮೆ. "ಮಾರಿ ಕಾಣದಂಗ ಮಾಡ್ಲೇನ್ರಿ?" ಎಂದು ಮುಕ್ತಾ ಕೇಳಿದಾಗ ಬೇಡವೆಂದು ತಲೆಯಲ್ಲಾಡಿಸಿದಳು. "ಹಿಂಗ ಹಾಕ್ಲಿ?" ಎಂದದ್ದಕ್ಕೆ "ಹಾಂ" ಎಂದಳು.

ಮುಂದಿನ ಗುರುವಾರ ಜಯಮಾಲಾ ಗಂಡ ಶ್ರೀಶೈಲನ ಅಪ್ಪಣೆ ಹೊತ್ತುಕೊಂಡೇ ಬಂದಳು. ವಿಡಿಯೊ ನೋಡಿದ ಝಳಕಿಯ ಕಾಕಾ ಅವನಿಗೆ ಫೋನು ಮಾಡಿ, "ನಿಮ್ಮವ್ವ ಮತ್ತ ಮುತ್ತೈದಿ ಆಗ್ಯಾಳೇನು?" ಎಂದು ಕೇಳಿದ್ದನಂತೆ. "ಇವತ್ತ ಆ ವಿಡಿಯೊ ತಗಸು. ಇಲ್ಲಂದ್ರ ಅವ್ವನ ಅಲ್ಲಿಗಿ ಕರಕೊಂಡು ಹೋಗೂದ ಬ್ಯಾಡ," ಎಂದು ಶ್ರೀಶೈಲ ಬೆಳಗ್ಗೆ ಖಡಾಖಡಿ ಹೇಳಿದ್ದ. ಅವ್ವ ಮಾತಾಡಿದಳು ಎಂಬುದನ್ನು ಮಾತ್ರ ಅವನು ಒಮ್ಮೆಯೂ ಎತ್ತಿರಲಿಲ್ಲ. ದಾರಿಯುದ್ದಕ್ಕೂ ಜಯಮಾಲಾಳ ಮನಸ್ಸು ಅಲ್ಲಿಯೇ ಎಡವುತ್ತಿತ್ತು.

ಅದನ್ನು ಕೇಳಿ ಮುಕ್ತಾಳ ಮುಖ ಸಣ್ಣದಾಯಿತು. "ತಗೀತೇನ್ರಿ. ಆದ್ರ ಇದನ್ನ ನೋಡಿ ಮಂದಿ ಕಳಿಸಿದ ವಾಯ್ಸ್ ಮೆಸೇಜ್ ಒಮ್ಮೆ ಕೇಳ್ರಿ ವೈನಿ, ನನಗ ತಿಳೀವಲ್ದು." ಅವಳು ಬೆರಳಿಟ್ಟಳು. ನಿಡಗುಂದಿಯಿಂದ ಒಂದು ಧ್ವನಿ:

"ಬುತ್ತಿ ಹೊತ್ತು ಹೊಲಕ್ಕ ನಡದ್ರ ಹಾದಿ ಬಲು ದೂರ, ರೇವಪ್ಪನವರು ಎದುರಿಗಿ ಬಂದ್ರ ತಲಿ ಹೊರಿ ಹಗೂರ."

ದೇವಣಗಾಂವದಿಂದ ಇನ್ನೊಂದು. ಹೇಳುತ್ತ ಹೇಳುತ್ತ ಮರೆತು, ತನಗೆ ತಾನೇ ಬೈದುಕೊಂಡು, ಮೊದಲಿನಿಂದ ಶುರುಮಾಡಿದ ಮುದುಕಿ. ಮತ್ತೊಂದು, ಮಗದೊಂದು. ಸುಮಿತ್ರಾಬಾಯಿ ಫೋನಿನ ಹತ್ತಿರಕ್ಕೆ ಸರಿದು ಕಿವಿಗೊಟ್ಟಳು.

"ಲಕ್ವಾ ಹೊಡದವರು ಕಳಿಸ್ಯಾರ ಅಂತ ತಿಳಕೊಂಡಿದ್ದೆ," ಎಂದಳು ಮುಕ್ತಾ. "ಇವರ ಮಾತು ನೋಡಿದ್ರ ನನಗಿಂತ ನೆಟ್ಟಗ ಅವ. ಯಾರ ಇವರೆಲ್ಲ?"

ಪ್ರತಿ ಧ್ವನಿಯ ಕೊನೆಯಲ್ಲೂ ಅದೇ ಒಂದು ಮಾತು, ಕ್ಷಮೆ ಕೇಳುವಂತೆ ಸಣ್ಣಗೆ: ನಮ್ಮವರು ಹೋಗಿ ಬಾಳ ದಿನ ಆತ್ರಿ.

"ಇವರಿಗಿ ಏನೂ ರೋಗ ಇಲ್ಲ ಅಕ್ಕಾರ," ಎಂದಳು ಜಯಮಾಲಾ. "ಇವರನ್ನ ಯಾರೂ ಕೇಳಿಲ್ಲ, ಅಷ್ಟ."

ಕೊನೆಯದು ಮುದ್ದೇಬಿಹಾಳದ್ದು. ಅದರಲ್ಲಿ ಒಡಪು ಇರಲಿಲ್ಲ. ಪಾತ್ರೆ ಕೆಳಗಿಟ್ಟ ಸದ್ದು, ಒಂದು ಕೆಮ್ಮು, ಆಮೇಲೆ ಪಡಸಾಲೆಯಲ್ಲಿದ್ದವರಿಗೆ ಕೇಳಬಾರದು ಎಂಬಂಥ ಧ್ವನಿ: "ಅಕ್ಕಾರ, ನನ್ನ ಕೈಕಾಲು ಗಟ್ಟಿ ಅದಾವ್ರಿ. ಲಕ್ವಾ ಏನೂ ಹೊಡದಿಲ್ಲ. ಆದ್ರೂ ಗುರುವಾರ ನಾ ಬಂದ್ರ ನಡೀತದೇನ್ರಿ?"

ಮುಕ್ತಾ ವಿಡಿಯೊ ತೆರೆದು, ಅಳಿಸುವ ಗುಂಡಿಯ ಮೇಲೆ ಬೆರಳು ಹಿಡಿದು ಕೇಳಿದಳು: "ವೈನಿ, ತಗೀಲೇನ್ರಿ?"

ಜಯಮಾಲಾ ಅತ್ತೆಯ ಮುಖ ನೋಡಿದಳು.

"ಮೊದಲ ಆಕಿಗಿ ಬಸ್ಸಿನ ಟೈಮ್ ಹೇಳ್ರಿ," ಎಂದಳು.