ಮಣೆಯ ಮೇಲಿನ ಅಸ್ಥಿಪಂಜರ

ಪಂಚಾಂಗ ಮೂಲೆಗೆ ಬಿದ್ದು, ಭವಿಷ್ಯ ಹೇಳುವ ಟ್ಯಾರೋ ಕಾರ್ಡುಗಳು ಬಂದು ಮೂರು ತಲೆಮಾರಾಯಿತು. ನನ್ನ ಅರಿಶಿನದ ದಿನವೂ ಪದ್ಧತಿಯಂತೆ ಮನೆಯ ಹೆಂಗಸರೆಲ್ಲ ಒಂದೊಂದು ಕಾರ್ಡು ಎತ್ತಿದರು. ಶುಭದ ಕಾರ್ಡು ಬಂದವರೇ ಮದುಮಗಳಿಗೆ ಮೊದಲು ಅರಿಶಿನ ಹಚ್ಚಬೇಕು.

ಗಂಡ ಸತ್ತ ನನ್ನ ಸೋದರತ್ತೆ ಚಂಪಕಳಿಗೆ ‘ಸಾವು’ ಕಾರ್ಡು ಬಂತು: ಬಿಳಿ ಕುದುರೆಯೇರಿದ ಅಸ್ಥಿಪಂಜರ.

“ಆಹಾ, ಪರಮ ಶುಭ!” ಎಂದರು ಟ್ಯಾರೋ ಶಾಸ್ತ್ರಿಗಳು.

ನೆಂಟರೆಲ್ಲ ಒಂದನೇ ಕ್ಲಾಸಿನ ಪಾಠ ಒಪ್ಪಿಸಿದರು: “ಸಾವು ಅಂದ್ರೆ ಸಾವಲ್ಲ, ಹೊಸ ಬದುಕು. ಬಿಳಿ ಅಂದ್ರೆ ಪರಿಶುದ್ಧಿ.”

ಅತ್ತೆ ಬಿಳಿ ಸೀರೆಯ ಸೆರಗು ಸರಿಮಾಡಿಕೊಂಡು, ಕಾರ್ಡು ಹಿಡಿದು ಮುಂದೆ ಬಂದಳು. ಪಾಠ ನಿಂತುಹೋಯಿತು.

“ಕಾರ್ಡೇನೋ ಶುಭಾನೇ,” ಅಮ್ಮ ಗೊಣಗಿದಳು, “ಆದ್ರೆ ಹಿಡಿದಿರೋ ಕೈ...”

ಶಾಸ್ತ್ರಿಗಳು ಪರಿಹಾರ ಹೇಳಲು ತಡಮಾಡಲಿಲ್ಲ. ಕಾರ್ಡನ್ನು ಅತ್ತೆಯಿಂದ ಈಸಿಕೊಂಡು ನನ್ನ ಪಕ್ಕದ ಮಣೆಯ ಮೇಲೆ ಕೂರಿಸಿದರು. ಅತ್ತೆಯನ್ನು ಒಬ್ಬಟ್ಟು ತಟ್ಟಲು ಒಳಗೆ ಕಳಿಸಿದರು. ಮುತ್ತೈದೆಯರು ಕಾರ್ಡಿನ ತಲೆಬುರುಡೆಗೆ ಭಕ್ತಿಯಿಂದ ಅರಿಶಿನ ಹಚ್ಚಿ, ಕುಂಕುಮವಿಟ್ಟು ಆರತಿ ಎತ್ತಿದರು.

ಅಡುಗೆಮನೆಯಿಂದ ಅತ್ತೆಯ ದನಿ ಕೇಳಿತು: “ನಾನೂ ಬೇಗ ಸಾಯ್ತೀನಿ ಕಣ್ರೇ. ಆಮೇಲಾದ್ರೂ ನಂಗೊಂದು ಮಣೆ ಹಾಕಿ!”