ಒಲೆಯ ಮಗ್ಗುಲು

"ಅವ್ವಾರ, ನೆಲದ ಮ್ಯಾಲ ಕುಂತು ರೊಟ್ಟಿ ಬಡದು ತೋರಸ್ರಿ," ಎಂದರು ಡಾಕ್ಟರ್ ಸೂರ್ಯಕಾಂತ.

ಶರಣಬಸಮ್ಮ ಸೊಸೆಯ ಮುಖ ನೋಡಿದಳು. ಅಫಜಲಪುರದ ಖಾನಾವಳಿಯೊಂದರಲ್ಲಿ ಇಪ್ಪತ್ತು ವರ್ಷದಿಂದ ಜೋಳದ ರೊಟ್ಟಿ ಬಡಿಯುವ ಕೈ ಶರಣಬಸಮ್ಮನದು. ಬಲಗಡೆ ಚಪ್ಪಿ, ಅಂದರೆ ಸೊಂಟದ ಕೀಲಿನ ನೋವಿಗೆ ಕೀಲೇ ಬದಲಿಸಬೇಕಾದೀತು, ಆಮೇಲೆ ಒಲೆಯ ಮುಂದೆ ನೆಲಕ್ಕೆ ಕೂರುವುದು ಮುಗಿಯಿತು ಎಂದು ಓಣಿಯವರೆಲ್ಲ ಹೆದರಿಸಿದ್ದರು. ಕೈಯಿಂದಲೇ ಕೀಲು ಸಡಿಲಿಸುವ ಆಸ್ಟಿಯೋಪತಿ ಡಾಕ್ಟರ್ ಇವರು ಎಂದು ಸೊಸೆ ಭಾಗ್ಯಜ್ಯೋತಿ ಅತ್ತೆಯನ್ನು ಒತ್ತಾಯದಿಂದ ಈ ದವಾಖಾನೆಗೆ ಕರೆತಂದಿದ್ದಳು.

"ಹಿಟ್ಟಿಲ್ಲ, ಹಂಚಿಲ್ಲ, ಏನ್ ಬಡೀಲ್ರಿ?" ಎನ್ನುತ್ತಲೇ ಶರಣಬಸಮ್ಮ ಕೂತಳು. ಬಲಗಾಲು ಮಡಚಿ, ಎಡಗಾಲು ಚಾಚಿ, ಬರಿ ನೆಲವನ್ನು ಬಡಿದಳು. ಪ್ರತಿ ಸಲವೂ ಬಲಕ್ಕೆ ವಾಲಿ, ಇಲ್ಲದ ಹಂಚಿನ ಮೇಲೆ ಇಲ್ಲದ ರೊಟ್ಟಿ ಹಾಕಿದಳು. "ಅತ್ತಿ, ಸೀದೀತು, ಹೊಳ್ಳಿ ಹಾಕ್ರಿ!" ಎಂದು ಭಾಗ್ಯಜ್ಯೋತಿ ನಕ್ಕಳು.

ಡಾಕ್ಟರ್ ನಗಲಿಲ್ಲ. "ನೀವು ತಂದ ಎಕ್ಸರೇದಾಗ ಎಲುಬು ಗಟ್ಟಿ ಅದ. ಆದ್ರ ಇಪ್ಪತ್ತು ವರ್ಷದ ಭಾರ ಎಲ್ಲಾ ಒಂದೇ ಚಪ್ಪಿ ಮ್ಯಾಲ ಬಿದ್ದದ. ಆಪರೇಶನ್ ಬ್ಯಾಡ್ರಿ. ಒಲಿ ಬಲಕ್ಕ ಬ್ಯಾಡ, ಎದುರಿಗಿ ಇಟ್ಕೋರಿ, ಆಗಾಗ ಕಾಲ ಬದಲಸ್ರಿ. ಬಿಗದದ್ದು ನಾ ಸಡ್ಲ ಮಾಡ್ತೇನಿ."

ಮಂಚದ ಮೇಲೆ ಮಲಗಿಸಿ, ನಾದಿದ ಹಿಟ್ಟಿನ ಹದ ನೋಡುವಂತೆ ಚಪ್ಪಿಯ ಸುತ್ತ ಹೆಬ್ಬೆರಳಿನಿಂದ ಒತ್ತಿ, ಅವಳ ಮೊಣಕಾಲನ್ನು ನಿಧಾನ ತಿರುಗಿಸುತ್ತ ಅರ್ಧ ತಾಸು ಕಳೆದರು. ಆಮೇಲೆ, "ಇನ್ನೊಮ್ಮಿ ನೆಲಕ್ಕ ಕುಂತು ಏಳ್ರಿ," ಎಂದರು.

ನೋವು ಪೂರ್ತಿ ಹೋಗಿರಲಿಲ್ಲ. ಶರಣಬಸಮ್ಮ ಕೂತಳು. ಏಳುವಾಗ ರೂಢಿಯಂತೆ ಗೋಡೆಗೆ ಕೈ ಚಾಚಿದಳು. ಕೈ ಗೋಡೆ ಮುಟ್ಟುವ ಮೊದಲೇ ಎದ್ದು ನಿಂತಿದ್ದಳು.