ಅಳಿಯನ ಜೇಬಿನ ಕಾಗದ

ಅಳಿಯನ ಅಂಗಿಯನ್ನು ನೀರಿಗೆ ಹಾಕುವ ಮುಂಚೆ ಬೆಟ್ಟಮ್ಮ ಜೇಬು ತಡಕಿದರು. ನಾಲ್ಕು ಮಡಿಕೆಯ ಇಂಗ್ಲಿಷ್ ಕಾಗದವೊಂದು ಸಿಕ್ಕಿತು. ಇಂಗ್ಲಿಷ್ ತಿಳಿಯದಿದ್ದರೂ ಚಿತ್ರ ತಿಳಿಯಿತು: ಕಿಟಕಿ ಬಾಗಿಲು ಹಾಕಿದ ಮನೆ, ಒಳಗೆ ಮಗು ಎತ್ತಿಕೊಂಡು ಕೂತ ಹೆಂಗಸು, ಮೇಲೆ ಕಪ್ಪು ಬಳಿದ ಆಕಾಶ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನೇರ ನಡುಮನೆಗೆ ಬಂದರು.

"ಗ್ರಹಣ ಅದೆ ಅಂತ ಯಾರೂ ಒಂದು ಮಾತು ಹೇಳ್ಲಿಲ್ವಲ್ಲ!"

ನಜರ್‌ಬಾದಿನ ಆ ನಡುಮನೆಯಲ್ಲಿ ಟ್ರಂಕು ಬಾಯಿ ತೆರೆದುಕೊಂಡಿತ್ತು. ಬಾಣಂತನಕ್ಕೆ ಬಂದಿದ್ದ ಮಗಳು ವಸಂತ, ನಾಳೆ ಐದು ತಿಂಗಳ ಕೂಸನ್ನು ಎತ್ತಿಕೊಂಡು ಗಂಡನ ಜೊತೆ ಹೊರಡುವವಳು. ಅಳಿಯ ಚೆಲುವರಾಜುವಿಗೆ ಮುಂಬಯಿಯಿಂದಾಚೆ ಸಮುದ್ರದ ದಡದಲ್ಲಿ, ಹೊಸದಾಗಿ ಶುರುವಾದ ಅಣು ವಿದ್ಯುತ್ ಸ್ಥಾವರದಲ್ಲಿ ಕೆಲಸ. ಮನೆಯೂ ಅದರ ಪಕ್ಕದಲ್ಲೇ. ಅಣು ಎಂದರೆ ಬೆಟ್ಟಮ್ಮನವರಿಗೆ ಗೊತ್ತಿದ್ದದ್ದು ಬಾಂಬು ಒಂದೇ. "ಇದು ಬಾಂಬಲ್ಲ ಅತ್ತೆ, ಬರೀ ಕರೆಂಟು" ಎಂದು ಅವನು ದೇವರ ಮುಂದೆ ನಿಂತು ಹೇಳಿದ ಮೇಲಷ್ಟೇ ಹೆಣ್ಣು ಕೊಟ್ಟಿದ್ದರು. ಅಪಘಾತವಾದರೆ ಏನು ಮಾಡಬೇಕೆಂದು ಕಾಲೋನಿಯಲ್ಲಿ ಹಂಚಿದ ಈ ಕಾಗದವನ್ನು ಅವನು ಹೆಂಡತಿಗೂ ತೋರಿಸಿರಲಿಲ್ಲ. ಅತ್ತೆಗೆ ವಿಷಯ ತಿಳಿದರೆ ಮಗುವನ್ನು ಕಳಿಸಿದ ಹಾಗೇ!

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. "ಹೂಂ... ಒಂಥರಾ ಗ್ರಹಣ ಇದ್ದ ಹಾಗೇ ಅಂದ್ಕೊಳ್ಳಿ. ಬಂದ್ರೆ ಏನ್ಮಾಡ್ಬೇಕು ಅಂತ ಕೊಟ್ಟಿದ್ದಾರೆ. ಬರೋದೇನಿಲ್ಲ," ಎಂದ ಚೆಲುವರಾಜು.

"ಬರೋದಿಲ್ಲ ಅಂದ್ರೆ ಅಚ್ಚು ಯಾಕೆ ಹಾಕ್ಸಿದ್ರು? ಓದಿ ಹೇಳಿ."

ಚೆಲುವರಾಜು ಕನ್ನಡದಲ್ಲಿ ಹೇಳತೊಡಗಿದ. "ಎಲ್ಲರೂ ಮನೆಯೊಳಗಿರಬೇಕು. ಕಿಟಕಿ ಬಾಗಿಲು—"

"ಹಾಕ್ಕೋಬೇಕು. ಬಸುರಿ ಬಾಣಂತೀರಂತೂ ಹೊಸಿಲು ದಾಟ್ಬಾರ್ದು."

"ಕುಡಿಯೋ ನೀರು, ಅಡುಗೆ—"

"ಮುಚ್ಚಿಡ್ಬೇಕು."

"ಹೊರಗಿಂದ ಬಂದವರು ಬಟ್ಟೆ ತೆಗೆದುಹಾಕಿ—"

"ತಲೆಗೆ ಸ್ನಾನ ಮಾಡ್ಬೇಕು. ಅಯ್ಯೋ ಬುಡಿ, ಇದನ್ನ ಹೇಳೋಕೆ ಇಂಗ್ಲಿಷ್ ಬೇಕಿತ್ತಾ? ನಮ್ಮಜ್ಜಿ ಕೇಳಿದ್ರೆ ನಗೋರು."

ಚೆಲುವರಾಜುವಿಗೆ ತಲೆ ಕೆಟ್ಟಿತು. ಮೂರು ತಿಂಗಳು ತರಬೇತಿ ಪಡೆದು ಬಂದವನು ತಾನು, ಪಾಠ ಒಪ್ಪಿಸುತ್ತಿರುವವರು ಅತ್ತೆ! ವಸಂತ ಇಬ್ಬರ ಮುಖವನ್ನೂ ನೋಡುತ್ತಿದ್ದಳು. ನಗಬೇಕೋ ಹೆದರಬೇಕೋ ಅವಳಿಗೂ ತೋಚಲಿಲ್ಲ.

"ಅಲ್ಲಿನ ಹಸುಗಳ ಹಾಲು ಮಕ್ಕಳಿಗೆ ಕೊಡಬಾರದು," ಎಂದ ಅವನು, ದನಿ ತಗ್ಗಿಸಿ.

"ಹಾಲಿಗೆ ಗರಿಕೆ ಹಾಕಿಟ್ರೆ ಆಯ್ತಪ್ಪ."

"ಗರಿಕೆ ಹಾಕಿದ್ರೂ ಕೊಡಬಾರದು ಅತ್ತೆ."

ಅಲ್ಲಿನ ಗರಿಕೆಗೆ ಶಕ್ತಿ ಸಾಲದಿರಬಹುದು ಎಂದುಕೊಂಡರೋ ಏನೋ, ಬೆಟ್ಟಮ್ಮ ಹಿತ್ತಿಲಿಗೆ ಹೋಗಿ ಒಂದು ಹಿಡಿ ಗರಿಕೆ ಕಿತ್ತು ತಂದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಟ್ರಂಕಿನಲ್ಲಿ ಕೂಸಿನ ಅಂಗಿಗಳ ಪಕ್ಕ ಇಟ್ಟರು.

"ಹಂಗಾದ್ರೆ ನಮ್ಮನ್ನ ಕಳಿಸ್ತೀಯೇನಮ್ಮ?" ವಸಂತ ಕೇಳಿದಳು.

"ಗ್ರಹಣಕ್ಕೆ ಹೆದರ್ಕೊಂಡು ಯಾರಾದ್ರೂ ಸಂಸಾರ ಬುಡ್ತಾರೇನೇ? ಹಿಡೀತದೆ, ಬುಡ್ತದೆ. ಆಮೇಲೆ ಮನೆ ತೊಳ್ಕೊಂಡ್ರೆ ಆಯ್ತು."

ಚೆಲುವರಾಜುವಿನ ಎದೆಯ ಮೇಲಿನ ಕಲ್ಲು ಇಳಿಯಿತು. ಹಿಂದೆಯೇ ನಾಚಿಕೆಯೂ ಆಯಿತು. ನಿಜ ಹೇಳಿಬಿಡೋಣವೆಂದುಕೊಂಡ. ಎಲ್ಲಿಂದ ಶುರು ಮಾಡುವುದೋ ತಿಳಿಯಲಿಲ್ಲ.

ಅಷ್ಟರಲ್ಲಿ ಬೆಟ್ಟಮ್ಮ ಮೊಳೆಗೆ ತೂಗುಹಾಕಿದ್ದ ಒಂಟಿಕೊಪ್ಪಲು ಪಂಚಾಂಗ ಇಳಿಸಿಕೊಂಡು, ಸೀಸದ ಕಡ್ಡಿ ಹಿಡಿದು ಕೂತಿದ್ದರು. "ಮಗೂಗೋಸ್ಕರ ಇಲ್ಲಿ ನಾನೂ ಅವತ್ತು ಉಪವಾಸ ಇರ್ತೀನಿ. ಇದ್ರಲ್ಲಿ ಕೊಟ್ಟಿಲ್ಲ, ನಿಮ್ಮ ಕಾಗದ ನೋಡಿ ಹೇಳಿ. ಹಿಡಿಯೋದು ಎಷ್ಟೊತ್ತಿಗೆ?"

"ಹೊತ್ತು ಅಂತ ಇಲ್ಲ ಅತ್ತೆ. ಸೈರನ್ ಕೂಗ್ತದೆ. ಆಗ ಗೊತ್ತಾಗ್ತದೆ."

"ಆಗ್ಲಿ. ಬುಡೋದು?"

ಚೆಲುವರಾಜು ಕಾಗದವನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಮತ್ತೆ ನೋಡಿದ. ತಿರುಗಿಸಿದ. ಹಿಂಭಾಗ ಖಾಲಿ ಇತ್ತು.

"ಬುಡೋ ಹೊತ್ತು ಬರ್ದೇ ಇರೋ ಗ್ರಹಣ ಎಲ್ಲಾದ್ರೂ ಉಂಟಾ? ಸರಿಯಾಗಿ ನೋಡಿ," ಎಂದರು ಬೆಟ್ಟಮ್ಮ.

ಅವನು ಕಾಗದವನ್ನು ಮತ್ತೆ ಮಡಿಸತೊಡಗಿದ. ವಸಂತ ತೊಟ್ಟಿಲಿನಿಂದ ಕೂಸನ್ನು ಎತ್ತಿ ಎದೆಗವಚಿಕೊಂಡಳು.

"ಹೇಳ್ರೀ," ಎಂದಳು. "ಬಿಡೋದು ಯಾವಾಗ?"